ತೂಬಿನ ದಾರಿಯ ಬರಿಗಾಲು

"ಕಾಲು ಇಡಬೇಡ! ಇಡಬೇಡ, ಇಡಬೇಡ, ಹಾಗೇ ನಿಂತ್ಕೋ ಗುರುಸಾಮಣ್ಣ!"

ನೀರುಗಂಟಿ ಗುರುಸಾಮಿ ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದುಕೊಂಡು ನಿಂತುಬಿಟ್ಟ. ಕೆರೆಯಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆಗಳ ಸಾಲಿಗೆ ದಡದ ಮೇಲೆ ಇನ್ನೊಂದು ಸೇರಿದ ಹಾಗಾಯಿತು. ಬೇರೆ ಹೊತ್ತಾಗಿದ್ದರೆ ಪಾಂಡೀಶ್ವರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅವಳ ಕಣ್ಣು ಕೆಸರಿನ ಮೇಲೇ ನೆಟ್ಟಿತ್ತು.

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅವಳು ಒಣಗುತ್ತಿದ್ದ ಕೆಸರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅದರಾಗೆ ಇನ್ನೇನಮ್ಮಾ ನೋಡೋದು? ನಿನ್ನೆ ಸಾಯಂಕಾಲದಿಂದ ಊರೆಲ್ಲ ನೋಡಿ ಆಗೋಯ್ತು. ಬೂಟ್ಸು, ಅವ್ವಳೋದಾನ್!" ಎಂದ ಗುರುಸಾಮಿ, ತೂಗಾಡುತ್ತಲೇ.

ಅಷ್ಟೇ ಅಂತೆ! ಊರಿಗೆ ಅಷ್ಟು ಸಾಕಾಗಿತ್ತು.

ನಿನ್ನೆ ಮಧ್ಯಾಹ್ನ ಕೆಂಪಣ್ಣಂಪಟ್ಟಿಗೆ ಕೆಂಪಣ್ಣಂಪಟ್ಟಿಯೇ ಚಿನ್ನಮನೂರಿನ ಮದುವೆಯೂಟಕ್ಕೆ ಹೋಗಿದ್ದಾಗ ಯಾರೋ ಕೆರೆಯ ತೂಬು ತೆಗೆದು ನೀರು ಹರಿಯಬಿಟ್ಟಿದ್ದರು. ಊಟ ಮುಗಿಸಿ ಬಂದ ಗುರುಸಾಮಿ ಬಾಯಿ ಬಾಯಿ ಬಡಿದುಕೊಂಡು ಅದನ್ನು ಮುಚ್ಚಿದ. ತೂಬಿನ ಬುಡದಲ್ಲಿ ರಬ್ಬರ್ ಬೂಟಿನ ಗುರುತು ಸಿಕ್ಕಿತು. ಊರಲ್ಲಿ ಅಂಥ ಬೂಟು ಇರುವುದು ಒಬ್ಬನ ಬಳಿ ಮಾತ್ರ, ಕೆರೆಯ ಮೀನಿನ ಗುತ್ತಿಗೆ ಹಿಡಿದಿರುವ ಚಿನ್ನಾಳಪಟ್ಟಿಯ ಧನಪಾಲ್ ಬಳಿ. ಅವನನ್ನು ಚಾವಡಿಯಲ್ಲಿ ಕೂರಿಸಿಟ್ಟಿದ್ದಾರೆ. ಮಧ್ಯಾಹ್ನ ಊರು ಸೇರಿ ತೀರ್ಮಾನ ಮಾಡುತ್ತದೆ.

ನೀರು ಹೋದರೆ ಹೋಗಲಿ, ಕಾಲುವೆಯಿಂದ ಮತ್ತೆ ಬರುತ್ತದೆ ಅನ್ನುವ ಹಾಗಿರಲಿಲ್ಲ. ಕೆರೆಯ ನಡುವೆ ಕರಿಜಾಲಿ ಮರಗಳು, ಮರದ ತುಂಬ ಗೂಡು, ಗೂಡಿನ ತುಂಬ ಇನ್ನೂ ರೆಕ್ಕೆ ಬಲಿಯದ ಮರಿಗಳು. ಬಣ್ಣದ ಕೊಕ್ಕರೆಯವು, ಹೆಜ್ಜಾರ್ಲೆಯವು. ಸುತ್ತ ನೀರಿದೆ ಅನ್ನುವ ಧೈರ್ಯದ ಮೇಲೆ ಹಕ್ಕಿಗಳು ಅಲ್ಲಿ ಸಂಸಾರ ಹೂಡಿವೆ. ನೀರು ಇನ್ನೊಂದು ಮೊಳ ಇಳಿದರೆ ದಡದ ನಾಯಿಗಳು ಮರದ ಬುಡಕ್ಕೆ ನಡೆದೇ ಹೋಗುತ್ತವೆ. ಆಮೇಲೆ ದೊಡ್ಡ ಹಕ್ಕಿಗಳು ಹೆದರಿ, ಮರಿಗಳನ್ನು ಬಿಟ್ಟು ಎದ್ದುಬಿಡುತ್ತವೆ. ತೂಬು ತೆಗೆದದ್ದು ಯಾರೆಂದು ಗೊತ್ತಾಗದಿದ್ದರೆ ಅವರು ಮತ್ತೆ ತೆಗೆಯುವುದಿಲ್ಲ ಅನ್ನುವ ಖಾತ್ರಿ ಏನು?

ಅದಕ್ಕೇ ಸೋದರಮಾವ ರಾಜೇಂದ್ರನ್ ಫೋನು ಮಾಡಿ, "ಪಾಂಡೀ, ಇದ್ದ ಹಾಗೇ ಹೊರಟು ಬಾ," ಎಂದದ್ದು. ದಿಂಡಿಗಲ್ಲಿನ ಒಂದು ಬೀಗದಂಗಡಿಯ ಮಾಳಿಗೆಯಲ್ಲಿ ಪಾಂಡೀಶ್ವರಿಯ ಪತ್ತೇದಾರಿ ಆಫೀಸು. ಅಲ್ಲಿ ಮುಕ್ಕಾಲು ಪಾಲು ಕೆಲಸ ಮದುವೆ ಗಂಡುಗಳ ಪೂರ್ವೋತ್ತರ ವಿಚಾರಿಸುವುದು. ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ, ಆಗಲೇ ಒಬ್ಬಳನ್ನು ಕಟ್ಟಿಕೊಂಡಿದ್ದಾನಾ. ಕೊಕ್ಕರೆಗಳ ಪರವಾಗಿ ಅವಳನ್ನು ಕರೆದವರು ಇದುವರೆಗೆ ಯಾರೂ ಇರಲಿಲ್ಲ. ಅಮ್ಮನ ತವರೂರು ಬೇರೆ. ಮೊದಲ ಬಸ್ಸಿಗೇ ಓಡಿ ಬಂದಿದ್ದಳು.

"ಗುರುಸಾಮಣ್ಣ, ಊರಿನವರೆಲ್ಲ ಏರಿ ಮೇಲಿಂದ ಬಂದು ನೋಡಿದ್ದು ತೂಬಿನ ಬುಡ ಮಾತ್ರ. ಆ ಬೂಟು ಅಲ್ಲಿಗೆ ಬಂದ ದಾರಿ ಯಾರಾದರೂ ನೋಡಿದ್ರಾ?"

"ದಾರಿ ಏನ್ ನೋಡೋದು? ಮೀನಿನ ಶೆಡ್ಡಿಂದ ಬಂದೈತೆ."

"ಶೆಡ್ಡಿನಿಂದ ಈ ಕಲ್ಲಿನ ತನಕ ಬೂಟು ಬಂದಿದೆ. ಆಮೇಲೆ?"

ಗುರುಸಾಮಿ ಬಗ್ಗಿ ನೋಡಿದ. ತೂಬಿಗೆ ಹೋಗುವ ದಾರಿಯಲ್ಲಿ ಎರಡು ಬಾಂದುಗಲ್ಲುಗಳಿವೆ. ಮೊದಲನೆಯ ಕಲ್ಲಿನ ಹತ್ತಿರ ಬೂಟಿನ ಎರಡು ಗುರುತು ಜೋಡಿಯಾಗಿ, ಆಳವಾಗಿ ಊರಿದ್ದವು. ಅಲ್ಲಿಂದ ಮುಂದೆ ಬರಿಗಾಲು! ಹಿಮ್ಮಡಿ, ಅಂಗಾಲು, ಐದು ಬೆರಳು, ಎಲ್ಲ ಅಚ್ಚೊತ್ತಿದಂತೆ. ಎರಡನೆಯ ಕಲ್ಲು ದಾಟಿದ ಮೇಲೆ ಮತ್ತೆ ಬೂಟು ಶುರು.

"ಇದೇನಮ್ಮಾ ಇದು, ನಡುವೆ ಬೂಟ್ಸು ಬಿಚ್ಚಿದ್ಯಾಕೆ?"

"ನಿನ್ನನ್ನೇ ಕೇಳ್ತೀನಿ. ನಿನ್ನ ಚಪ್ಪಲಿ ಎಲ್ಲಿ?"

ಗುರುಸಾಮಿ ಕಾಲು ನೋಡಿಕೊಂಡ. ಕಾಲಲ್ಲಿ ಇರಲಿಲ್ಲ. ಕೈ ನೋಡಿಕೊಂಡ. ಎರಡು ಬೆರಳಿಗೆ ಸಿಕ್ಕಿ ನೇತಾಡುತ್ತಿದ್ದವು.

"ಕೈಯಾಗೆ ಐತೆ."

"ಯಾಕೆ ಬಿಚ್ಚಿದೆ?"

"ಯಾಕೆ ಅಂತ ಕೇಳ್ತೀಯಲ್ಲ! ಸಾಮಿ ದನ ನಿಲ್ಲೋ ಜಾಗ. ಚಪ್ಪಲಿ ಆಕ್ಕೊಂಡು ತುಳಿಯಾಕಾಗ್ತದಾ?"

"ಬಿಚ್ಚಬೇಕು ಅಂತ ಯೋಚನೆ ಮಾಡಿದೆಯಾ?"

"ಇದಕ್ಕೆಲ್ಲಾ ಯಾರಾನಾ ಯೋಚ್ನೆ ಮಾಡ್ತಾರೇನಮ್ಮಾ? ಕಲ್ಲು ಬಂತು, ಕೈ ಓಯ್ತು."

ಪಾಂಡೀಶ್ವರಿಯ ಮೈ ಜುಮ್ಮೆಂದಿತು. ಯಾಕೆಂದರೆ ಅವಳ ಚಪ್ಪಲಿಯೂ ಅವಳ ಎಡಗೈಯಲ್ಲೇ ಇತ್ತು. ಯಾವಾಗ ಬಿಚ್ಚಿದಳೋ ದೇವರೇ ಬಲ್ಲ. ಚಿಕ್ಕಂದಿನಲ್ಲಿ ರಜಕ್ಕೆ ಬಂದಾಗ ಅಜ್ಜಿ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದನ್ನು ಕಾಲು ಇವತ್ತಿಗೂ ಮರೆತಿರಲಿಲ್ಲ.

ಸಾಮಿ ದನ ಅಂದರೆ ದೇವರಿಗೆ ಬಿಟ್ಟ ಹಿಂಡು. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಈ ಕಣಿವೆಗೆ ಬಂದ ಹಿರೀಕರು ಜೊತೆಯಲ್ಲಿ ತಂದ ದನಗಳ ಸಂತಾನ ಎಂದು ಈ ಊರವರ ನಂಬಿಕೆ. ಅವಕ್ಕೆ ಮೂಗುದಾರವಿಲ್ಲ, ಅವುಗಳ ಹಾಲನ್ನು ಮಾರುವಂತಿಲ್ಲ. ಅವು ನೀರು ಕುಡಿಯಲು ಇಳಿಯುವ ಈ ಎರಡು ಕಲ್ಲಿನ ನಡುವಿನ ಜಾಗದಲ್ಲಿ ಇವರ ಪೈಕಿ ಯಾರೂ ಕಾಲಿಗೆ ಹಾಕಿಕೊಂಡು ನಡೆಯುವುದಿಲ್ಲ.

"ಧನಪಾಲ್ ಇಲ್ಲಿ ಬೂಟು ಬಿಚ್ತಾನಾ?"

"ಅವ್ನಾ? ಓದ ವರ್ಷ ಇದಕ್ಕೇ ತೆಂಗಿನಕಾಯಿ ಒಡೆಸಿ ತಪ್ಪೊಪ್ಪಿಸಿದೀವಿ. ಮಾರನೇ ದಿನಾನೇ ಬೂಟ್ಸ್ ಕಾಲಾಗೆ ದಡದಡ ಅಂತ ಓದ. ಅವನಿಗೇನಮ್ಮಾ ತೆರಿಯುಂ, ಏನು ಗೊತ್ತು ನಮ್ಮ ಪದ್ಧತಿ?"

"ಹಾಗಾದರೆ ಬೂಟು ಧನಪಾಲ್‌ದು. ಕಾಲು ಅವನದಲ್ಲ."

ಗುರುಸಾಮಿ ಸುತ್ತಮುತ್ತ ಯಾರಾದರೂ ಇದ್ದಾರಾ ಎಂದು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಅಂದ್ರೆ… ನಮ್ಮೋರಾ?"

ಪಾಂಡೀಶ್ವರಿ ಆಗಲೇ ಕೆಸರಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಬರಿಗಾಲಿನ ಹೆಬ್ಬೆರಳ ಪಕ್ಕದ ಬೆರಳ ಬುಡದಲ್ಲಿ ಸಣ್ಣದೊಂದು ಅಡ್ಡಗೆರೆ ಇತ್ತು. ಮುಂದಿನ ಹೆಜ್ಜೆಯಲ್ಲೂ ಇತ್ತು. ಅದರ ಮುಂದಿನದರಲ್ಲೂ. ಕಾಲುಂಗುರ!

ಹೆಂಗಸು. ಮದುವೆಯಾದವಳು. ನಮ್ಮವಳು.

ಖುಷಿಯಾಗಬೇಕಿತ್ತು, ಇಂಥ ಸುಳಿವು ಸಿಕ್ಕರೆ ಯಾವ ಪತ್ತೇದಾರರಿಗೂ ಕುಣಿಯುವ ಹಾಗಾಗುತ್ತದೆ. ಅವಳಿಗೂ ಕುಣಿಯುವ ಹಾಗೆಯೇ ಆಗಿತ್ತು. ಆದರೆ ನಮ್ಮವಳು ಅನ್ನುವ ಆ ಒಂದು ಮಾತು ಕುಣಿಯಲು ಬಿಡಲಿಲ್ಲ.

"ಇನ್ನೊಂದು ಮಾತು ಗುರುಸಾಮಣ್ಣ. ದಿನಾ ಎರಡು ಹೊತ್ತು ದನ ತುಳಿಯೋ ಜಾಗ ಇದು. ನಿನ್ನೆ ಮೂಡಿದ ಹೆಜ್ಜೆ ಇಷ್ಟು ನೀಟಾಗಿ ಹೇಗೆ ಉಳೀತು?"

"ದನ ನಿನ್ನೆ ಸಾಯಂಕಾಲ ಇತ್ತ ಬರಲೇ ಇಲ್ವಲ್ಲ. ಇವತ್ತೂ ಬಂದಿಲ್ಲ. ಮುತ್ತಮ್ಮಾಳ್ ಅವ್ವ ಮನೆ ಮುಂದೆ ತೊಟ್ಟಿ ತುಂಬ ಬೋರ್ ನೀರು ಬಿಟ್ಟು, ಅಗಸೆಸೊಪ್ಪು ಆಕಿ, ಎಲ್ಲಾನೂ ಅಲ್ಲೇ ನಿಲ್ಲಿಸ್ಕೊಂಡೈತೆ. ಏನೋ ಅರಕೆ ಅಂತೆ."

ಮುತ್ತಮ್ಮಾಳ್ ಅಂದರೆ ರಾಜೇಂದ್ರನ್ ಮಾವನ ಹೆಂಡತಿ. ಪಾಂಡೀಶ್ವರಿಯ ಅತ್ತೆ. ಅಮ್ಮ ತೀರಿಕೊಂಡ ವರ್ಷ ಅವಳನ್ನು ಮಡಿಲಲ್ಲಿ ಹಾಕಿಕೊಂಡು ಅನ್ನ ತಿನ್ನಿಸಿದ ಅತ್ತೆ.

"ನೀನು ಇಲ್ಲೇ ಇರು. ಈ ಹೆಜ್ಜೆಯ ಮೇಲೆ ಕೋಳಿಯೂ ನಡೆಯಬಾರದು," ಎಂದು ಹೇಳಿ ಪಾಂಡೀಶ್ವರಿ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೊರಟಳು.

ದಾರಿಯಲ್ಲೇ ಚಾವಡಿ. ಅಲ್ಲಿ ಆಗಲೇ ಜನ ಸೇರುತ್ತಿದ್ದರು. ಹಕ್ಕಿಗಳು ಬೆದರುತ್ತವೆಂದು ಈ ಊರಲ್ಲಿ ಮೈಕು ಕಟ್ಟುವುದಿಲ್ಲ, ದೀಪಾವಳಿಗೆ ಪಟಾಕಿಯನ್ನೂ ಹಚ್ಚುವುದಿಲ್ಲ. ಅದರ ಬದಲು ಪ್ರತಿಯೊಬ್ಬರೂ ತಾವೇ ಮೈಕಿನ ಹಾಗೆ ಮಾತಾಡುತ್ತಾರೆ. ಕಂಬಕ್ಕೆ ಒರಗಿ ಕೂತಿದ್ದ ಧನಪಾಲ್ ಅವಳನ್ನು ಕಂಡದ್ದೇ ಎದ್ದು ನಿಂತು, ತಾನಲ್ಲ ಎಂದು ಆಣೆಯಿಟ್ಟ.

"ಸತ್ತಿಯಮಾ ನಾನ್ ಇಲ್ಲೆ ಅಕ್ಕಾ!"

"ಬೂಟು ಎಲ್ಲಿಡ್ತೀಯ?"

"ಶೆಡ್ಡಿನ ಬಾಗಿಲ ಹೊರಗೆ," ಎಂದ ತಮಿಳಿನಲ್ಲಿ. "ಯಾರು ಬೇಕಾದ್ರೂ ತಗೊಂಡು ಹೋಗಬಹುದು. ನೀರು ಹೋದ್ರೆ ಮೀನು ಹೋಗುತ್ತೆ, ಮೀನು ಹೋದ್ರೆ ನಾನು ಹೋದೆ. ನಾನ್ಯಾಕೆ ಅಕ್ಕಾ ತೂಬು ತೆಗೀಲಿ?"

"ಮರಿ ಹಾರೋ ತನಕ ಮೀನು ಹಿಡೀಬೇಡ ಅಂದಿದ್ದಕ್ಕೆ ಹೊಟ್ಟೆ ಉರಿ ಇವಂಗೆ!" ಎಂದು ಪೆರಿಯಣ್ಣನ್ ಅನ್ನುವ ಬಿಸಿರಕ್ತದ ಗೌಂಡರು ಮೇಲೆ ಬಿದ್ದು ಬಂದರು. ನಡುವೆ ಕೈ ಚಾಚಿ ತಡೆದವರು ರಾಜೇಂದ್ರನ್.

ಹಕ್ಕಿ ಕಾವಲು ಸಂಘ ಕಟ್ಟಿದವರು ಅವರೇ. ಕೆರೆ ಒತ್ತುವರಿ ಬಿಡಿಸಿದವರು, ದುರ್ಬೀನು ಹಿಡಿದು ಬರುವ ಜನರಿಗೆ ಊರಿನ ಮನೆಗಳಲ್ಲಿ ಊಟ ವಸತಿ ಮಾಡಿಸಿದವರು, ದ್ರಾಕ್ಷಿ ತೋಟದ ಕೆಲಸ ಬಿಟ್ಟು ಗೂಡು ಕಾದವರು. ಪಂಚೆಯ ಅಂಚು ಒದ್ದೆಯಾಗಿತ್ತು, ಬೆಳಗ್ಗೆಯೇ ಕೆರೆಗೆ ಇಳಿದಿದ್ದರೋ ಏನೋ. ನಿದ್ದೆಗೆಟ್ಟ ಕಣ್ಣು ಕೆಂಪಗಿದ್ದವು.

"ಏನಾರಾ ಸಿಕ್ತಾ ಪಾಂಡೀ? ನಾಳೆ ಕೊಡೈಕಾನಲ್‌ನಿಂದ ನಮ್ಮ ಮಗ ರಾಮ್‌ಕುಮಾರ್ ವ್ಯಾನ್ ತುಂಬ ಜನ ಕಳಿಸ್ತಾವ್ನೆ. ತೂಬಿನ ಮೂಲೆ ನೋಡಿದೆಯಲ್ಲ, ಎಂಗೆ ಕನ್ನಡಿ ಥರ ಮಾಡಿಟ್ಟಿದೀನಿ! ಒಂದು ಅಂತರಗಂಗೆ ಗಿಡ ಬಿಟ್ಟಿಲ್ಲ. ಬರೋರು ನೋಡಿ ಅಸಂದೋಗಬೇಕು, ಬಾಯಿ ಬಿಡಬೇಕು ಅಂತಿದ್ದೆ. ಅಷ್ಟರಾಗೆ ಈ ಪಾಪಿ…"

"ಮಧ್ಯಾಹ್ನದ ಒಳಗೆ ಹೇಳ್ತೀನಿ ಮಾವ. ಅಲ್ಲೀ ತನಕ ಇವನ ಮೈ ಮುಟ್ಟಬಾರದು."

"ನಾನಿರೋ ಗಂಟ ಯಾರೂ ಮುಟ್ಟಾಕಿಲ್ಲ," ಎಂದರು ಮಾವ. ಅವರ ಮಾತು ಮಾತೇ.

ಮಾವನ ಮನೆಯ ಮುಂದೆ ಸಾಮಿ ದನಗಳು ಬೀದಿ ತುಂಬ ನಿಂತು ಮೆಲುಕು ಹಾಕುತ್ತಿದ್ದವು. ಅವುಗಳ ಬೆನ್ನು ಸವರುತ್ತ ನುಸುಳಿಕೊಂಡು ಪಾಂಡೀಶ್ವರಿ ಹಿತ್ತಲ ಅಡುಗೆಮನೆಗೆ ಹೋದಳು. ಹಕ್ಕಿ ನೋಡಲು ಬಂದ ನಾಲ್ಕು ಜನರಿಗೆ ಅಡುಗೆ ನಡೆಯುತ್ತಿತ್ತು. ಮುತ್ತಮ್ಮಾಳ್ ಒಲೆ ಮುಂದೆ ಬದನೆಕಾಯಿ ಹೆಚ್ಚುತ್ತ ಕೂತಿದ್ದಳು.

"ಬಾ ಕಣ್ಣೂ. ಒಂದು ವಾಯಿ ಕಾಪಿ ಕುಡೀ."

"ಆಮೇಲೆ ಕುಡೀತೀನಿ ಅತ್ತೆ. ಇವತ್ತು ಏನು ಸಾರು?"

"ಬದ್ನೇಕಾಯಿ ಪುಳಿಕುಳಂಬು."

"ಮೀನಿಲ್ವಾ?"

ಕತ್ತಿ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಕಚಕಚ ಹೆಚ್ಚತೊಡಗಿತು.

"ಇವತ್ತು ಇಲ್ಲ."

ಕೆರೆ ಮೀನಿನ ಸಾರಿಗೆ ಈ ಮನೆ ಹೆಸರುವಾಸಿ. ಮಧುರೆಯಿಂದ ಬಂದವರು ಹಕ್ಕಿ ನೋಡುವುದನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಓಡಿ ಬರುತ್ತಾರೆ. ಅಂಥ ಮನೆಯಲ್ಲಿ ಅತಿಥಿಗಳಿದ್ದೂ ಮೀನಿಲ್ಲ. ದನಕ್ಕೆ ಕೆರೆ ನೀರಿಲ್ಲ.

ಪಾಂಡೀಶ್ವರಿ ಮಣೆ ಎಳೆದುಕೊಂಡು ಎದುರಿಗೇ ಕೂತಳು. "ಅತ್ತೆ, ತೂಬು ತೆಗೆದದ್ದು ಧನಪಾಲ್ ಅಲ್ಲ.  ಒಬ್ಬಳು ಹೆಂಗಸು. ನಮ್ಮವಳು."

ಮುತ್ತಮ್ಮಾಳ್ ಇನ್ನೊಂದು ಬದನೆಕಾಯಿ ಕೈಗೆ ತೆಗೆದುಕೊಂಡಳು.

"ಮಧ್ಯಾಹ್ನ ಆ ಪಾಪದವನನ್ನು ಪೊಲೀಸಿಗೆ ಕೊಡ್ತಾರೆ. ಕೊಡೋ ಮೊದಲು ನಾಲ್ಕು ಹೊಡೀತಾರೆ. ಅವನಿಗೂ ಹೆಂಡತಿ ಮಕ್ಕಳಿದಾರೆ."

"ಗೊತ್ತು."

"ಗೊತ್ತಿದ್ದೂ ಬದನೆಕಾಯಿ ಹೆಚ್ತಾ ಕೂತಿದೀರಲ್ಲ!"

ಕತ್ತಿ ಪಕ್ಕಕ್ಕೆ ಸರಿಯಿತು. ಮುತ್ತಮ್ಮಾಳ್ ಸೆರಗಿನಿಂದ ಮುಖ ಒರೆಸಿಕೊಂಡಳು. "ಸರಿ. ನಾನೇ ತೆಗೆದೆ. ನಡಿ, ಚಾವಡಿಗೆ ಬಂದು ಏಳ್ತೀನಿ. ಮುಗೀತಲ್ಲ?"

ಅಬ್ಬಬ್ಬಾ, ಎಷ್ಟು ಸಲೀಸು! ಪಾಂಡೀಶ್ವರಿಯ ಕಣ್ಣು ತುಂಬಿ ಬಂತು. ಆದರೂ ಅವಳೊಳಗಿನ ಮದುವೆಗಂಡು ಜಾಲಾಡುವ ಹೆಂಗಸು ಸುಮ್ಮನಿರಲಿಲ್ಲ.

"ಯಾಕೆ ತೆಗೆದ್ರಿ?"

"ಮನಸ್ಸಾಯ್ತು, ತೆಗೆದೆ."

"ಬೂಟು ಎಲ್ಲಿ ಬಿಚ್ಚಿದ್ರಿ?"

"ಬೂಟಾ? ಶೆಡ್ಡಾಗೆ. ಎಲ್ಲಿಂದ ತಗೊಂಡೆನೋ ಅಲ್ಲೇ."

"ನಡುವೆ ಎಲ್ಲೂ ಬಿಚ್ಚಲಿಲ್ವಾ?"

"ನಡುವೆ ಯಾಕೆ ಬಿಚ್ಲಿ?"

ಪಾಂಡೀಶ್ವರಿ ಕೈ ಚಾಚಿ ಅತ್ತೆಯ ಪಾದ ಹಿಡಿದುಕೊಂಡಳು. ಸಕ್ಕರೆ ಕಾಯಿಲೆಯ ಪಾದ, ಊದಿಕೊಂಡಿತ್ತು. ಬೆರಳಲ್ಲಿ ಉಂಗುರವಿರಲಿಲ್ಲ, ಊತಕ್ಕೆ ಬಿಗಿಯಾಗಿ ಎಂದೋ ಕತ್ತರಿಸಿ ತೆಗೆಸಿದ ಕಲೆ ಮಾತ್ರ ಇತ್ತು.

"ಅತ್ತೆ, ನೀವು ತೂಬಿನ ಹತ್ತಿರ ಹೋಗಲೇ ಇಲ್ಲ. ಸಾಮಿ ದನದ ಜಾಗದಲ್ಲಿ ನೀವು ಬೂಟು ಹಾಕಿಕೊಂಡು ನಡೀತೀರಾ? ಪ್ರಾಣ ಹೋದರೂ ನಡೆಯೋಲ್ಲ. ಯಾರನ್ನ ಬಚ್ಚಿಡ್ತಿದೀರಿ?"

"ಪಾಂಡೀ, ಬಿಟ್ಬಿಡು. ನಿನ್ನ ಕಾಲಿಗೆ ಬೀಳ್ತೀನಿ, ಬಿಟ್ಬಿಡು."

"ಅತ್ತೆ, ಸಾಕು."

ಉಗ್ರಾಣದ ಬಾಗಿಲಲ್ಲಿ ಯುವಶ್ರೀ ನಿಂತಿದ್ದಳು. ಮುತ್ತಮ್ಮಾಳ್‌ಳ ಸೊಸೆ, ಕೊಡೈಕಾನಲ್ ಹೋಟೆಲಿನಲ್ಲಿರುವ ರಾಮ್‌ಕುಮಾರನ ಹೆಂಡತಿ. ಊರಿಗೆ ಬರುವವರಿಗೆ ಹಕ್ಕಿ ತೋರಿಸುವವಳು ಇವಳೇ. ಯಾವ ಗೂಡಲ್ಲಿ ಎಷ್ಟು ಮರಿ, ಯಾವುದು ಹಟಮಾರಿ, ಯಾವುದು ಹೊಟ್ಟೆಬಾಕ, ಎಲ್ಲ ಅವಳ ನಾಲಗೆಯ ತುದಿಯಲ್ಲಿ. ಕಾಲ ಬೆರಳಲ್ಲಿ ಬೆಳ್ಳಿಯ ಕಾಲುಂಗುರ ಮಿರಿಮಿರಿ ಮಿಂಚುತ್ತಿತ್ತು.

ಪಾಂಡೀಶ್ವರಿಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಇವಳಾ? ಬಿದ್ದ ಮರಿಯನ್ನು ಸೆರಗಲ್ಲಿ ಸುತ್ತಿ ತಂದು ಕೈಯಾರೆ ಮೀನು ತಿನ್ನಿಸುವವಳಾ?

"ನಿನ್ನೆ ಮದುವೆಗೆ ಯಾಕೆ ಹೋಗಲಿಲ್ಲ ಯುವಶ್ರೀ?"

"ತಲೆನೋವು ಅಂತ ಸುಳ್ಳು ಹೇಳಿದೆ ಅಕ್ಕಾ." ಮನೆಮಾತನ್ನು ಅವಳು ತಡವರಿಸಿಕೊಂಡೇ ಆಡುತ್ತಾಳೆ, ಈಗ ತಮಿಳಿಗೂ ಕನ್ನಡಕ್ಕೂ ಜಾರುತ್ತ ಒಂದೇ ಉಸಿರಿಗೆ ಹೇಳಿದಳು. "ತೂಬು ತೆಗೆದೆ. ಗಿಡ ಕೊಳೆತು ತೂಬಿಗೆ ಅಡ್ಡ ಸಿಕ್ಕಿತ್ತು, ನೀರಿಗೆ ಇಳಿದು ಎಳೀಬೇಕಾಗಿತ್ತು. ಆ ನೀರಲ್ಲಿ ಬರಿಗಾಲು ಇಡೋಕೆ ಭಯಂ. ಅದಕ್ಕೇ ಬೂಟ್ಸ್ ಹಾಕೊಂಡೆ. ಧನಪಾಲ್ ಮೇಲೆ ಬರುತ್ತೆ ಅಂತ ಸತ್ತಿಯಮಾ ಗೊತ್ತಿರಲಿಲ್ಲ."

"ನೀರಿಗೆ ಏನಾಗಿದೆ?"

ಯುವಶ್ರೀ ಉಗ್ರಾಣದ ಒಳಗಿಂದ ಒಂದು ಬುಟ್ಟಿ ತಂದು ಮುಚ್ಚಿದ್ದ ಬಟ್ಟೆ ಸರಿಸಿದಳು. ಹೊಟ್ಟೆ ಮೇಲಾದ ಮೀನುಗಳ ಪಕ್ಕದಲ್ಲಿ ಹೆಜ್ಜಾರ್ಲೆಯ ಒಂದು ಮರಿ ಇತ್ತು. ಕತ್ತು ಜೋತುಬಿದ್ದಿತ್ತು. ಬೆಳ್ಳಗಿನ ತುಪ್ಪುಳ ಇನ್ನೂ ಮೆತ್ತಗೇ ಇತ್ತು.

"ಮಾವ ತೂಬಿನ ಮೂಲೆಯ ಅಂತರಗಂಗೆಗೆ ಮದ್ದು ಹೊಡೆದಿದ್ರು ಅಕ್ಕಾ. ದ್ರಾಕ್ಷಿ ತೋಟದ ಸ್ಪ್ರೇಯರ್ ತಗೊಂಡು. ಗಿಡ ಸತ್ತರೆ ನೀರು ಚೆನ್ನಾಗಿ ಕಾಣುತ್ತೆ, ಬಂದವರು ಫೋಟೋ ತೆಗೀತಾರೆ ಅಂತ. ಗಿಡ ಸತ್ತಿತು. ನಿನ್ನೆ ಬೆಳಗ್ಗೆ ನೋಡಿದ್ರೆ ಅದೇ ಮೂಲೇಲಿ ಮೀನು ತೇಲ್ತಿದೆ. ತಾಯಿ ಹಕ್ಕಿ ಆ ಮೀನೇ ತಗೊಂಡು ಹೋಗಿ ಮರಿಗೆ ಕೊಡ್ತಿದೆ. ಈ ಕುಂಜು ಕಕ್ಕಿ ಕಕ್ಕಿ ನನ್ನ ಕೈಯಲ್ಲೇ ಹೋಯ್ತು."

ಅವಳು ಬಿಕ್ಕಳಿಸುತ್ತ ಮುಂದುವರಿದಳು. "ಆ ಮೂಲೆ ನೀರು ಮರಗಳ ಕಡೆ ಹರಡೋ ಮೊದಲೇ ಆಚೆ ಬಿಟ್ಟುಬಿಡೋಣ ಅಂತ ತೆಗೆದೆ. ಕೊಯ್ದ ಗದ್ದೆ ಕಡೆ ತಿರುಗಿಸಿದ್ದೆ, ಬಾವಿ ಕಡೆ ಹೋಗದ ಹಾಗೆ ಮಣ್ಣು ಹಾಕಿದ್ದೆ. ಅರ್ಧ ಹೋಗೋದರೊಳಗೆ ಗುರುಸಾಮಿ ಅಣ್ಣ ಬಂದು ಮುಚ್ಚಿಬಿಟ್ಟ್ರು."

"ಮಾವನಿಗೆ ಯಾಕೆ ಹೇಳಲಿಲ್ಲ?"

"ಏನಂತ ಏಳೋದು ಕಣ್ಣೂ?" ಎಂದವಳು ಮುತ್ತಮ್ಮಾಳ್. "ನೀನು ಮಗು ಥರ ಕಾದ ಹಕ್ಕೀನ ನೀನೇ ಸಾಯಿಸ್ತಿದೀಯ ಅಂತಾನಾ? ಓದ ವರ್ಷ ಎದೆನೋವು ಬಂದು ತೇನಿಯಾಗೆ ಆಸ್ಪತ್ರೇಲಿ ಮಲಗಿದ ಮನುಷ್ಯ. ಕೇಳಿದ ಗಳಿಗೇನೇ ಓಗ್ಬಿಡ್ತಾರೆ. ನಾನೇ ಇವಳ ಬಾಯಿ ಕಟ್ಟಿದೆ. ಧನಪಾಲನಿಗೆ ಆಮೇಲೆ ಎಂಗಾದ್ರೂ ಸರಿಮಾಡಿದ್ರಾಯ್ತು ಅಂದುಕೊಂಡೆ. ತಪ್ಪೇ. ಆದ್ರೆ ನನಗೆ ನನ್ನ ಗಂಡ ಬೇಕು."

ಪಾಂಡೀಶ್ವರಿಗೆ ಅತ್ತೆಯ ಮೇಲೆ ಸಿಟ್ಟೂ ಬಂತು, ಅವಳನ್ನು ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡಕ್ಕೂ ಪುರಸೊತ್ತಿರಲಿಲ್ಲ.

"ಈಗ ಏನು ಮಾಡಬೇಕು? ಬೇಗ ಹೇಳು."

"ಮತ್ತೆ ತೂಬು ತೆಗೀಬೇಕು ಅಕ್ಕಾ. ಈಗಲೇ. ಆ ಮೂಲೆ ಖಾಲಿಯಾಗಲೇಬೇಕು."

"ನೀರು ಇಳಿದರೆ ನಾಯಿಗಳು?"

"ಅದಕ್ಕೇ ಜನ ಬೇಕು. ಊರೆಲ್ಲ ಬಂದು ಕೋಲು ಹಿಡಿದು ಮರದ ಸುತ್ತ ದೂರದಲ್ಲಿ ಸದ್ದಿಲ್ಲದೆ ನಿಂತರೆ ಹಕ್ಕಿ ಬೆದರೋದಿಲ್ಲ, ನಾಯೀನೂ ಬರೋದಿಲ್ಲ. ಕಾಲುವೆಯಿಂದ ಹೊಸ ನೀರು ಬಂದು ತುಂಬೋ ತನಕ ನಿಲ್ಲಬೇಕು. ಆದ್ರೆ ಯಾಕೆ ಅಂತ ಹೇಳದೆ ಊರು ಬರುತ್ತಾ?"

ಬರುವುದಿಲ್ಲ. ಯಾಕೆ ಅಂತ ಹೇಳಬೇಕು. ಯಾರಿಂದ ಅಂತಲೂ ಹೇಳಬೇಕು. ಅಷ್ಟೂ ಜನರ ಎದುರಿಗೆ, ಆ ಮನುಷ್ಯ ಕೇಳಿಸಿಕೊಳ್ಳುವಾಗ.

"ನಾನು ಹೇಳ್ತೀನಿ. ನಾನು ಹೇಳಿ, ಜನ ಹೊರಟ ಮೇಲೆ ನೀನು ತೆಗಿ. ಅದಕ್ಕೆ ಮೊದಲು ಮುಟ್ಟಬೇಡ, ಕೇಳಿಸ್ತಾ?" ಎಂದು ಪಾಂಡೀಶ್ವರಿ ಚಾವಡಿಯತ್ತ ಓಡಿದಳು. ಬಿಸಿಲಿಗೆ ಬೀದಿಯ ಮಣ್ಣು ಅಂಗಾಲನ್ನು ಸುಡುತ್ತಿತ್ತು. ಹಿಂದೆ ಅತ್ತೆಯ ಅಳು ಕೇಳುತ್ತಿತ್ತು.

ಚಾವಡಿ ಕಿಕ್ಕಿರಿದಿತ್ತು. ಪೆರಿಯಣ್ಣನ್ ಆಗಲೇ ಧನಪಾಲನ ಅಂಗಿಯ ಕಾಲರು ಹಿಡಿದಿದ್ದರು. ರಾಜೇಂದ್ರನ್ ಅವರ ಕೈ ಬಿಡಿಸುತ್ತಿದ್ದರು.

"ಬಂದ್ಲು ನೋಡಿ! ನಮ್ಮ ಪಾಂಡಿ ಬಂದ್ಲು!" ಮಾವನ ಮುಖ ಅರಳಿತು. "ದಾರಿ ಬಿಡ್ರಪ್ಪಾ. ಏಳಮ್ಮಾ, ಯಾರು?"

ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. "ಧನಪಾಲ್ ಅಲ್ಲ."

ಗುಜುಗುಜು ಎದ್ದಿತು. ಮಾವ ಕೈ ಎತ್ತಿ ಸುಮ್ಮನಾಗಿಸಿದರು. "ಅಲ್ವಾ? ಮತ್ಯಾರು? ಯಾರಾನಾ ಆಗಿರಲಿ, ನನ್ನ ಮನೆಯೋರೇ ಆಗಿರಲಿ, ಎಸರು ಏಳು. ಆ ಮರೀಗಳ ಶಾಪ ತಗಲಿ ನಾಶ ಆಗೋಗ್ತಾರೆ ಅವರು!"

ಪಾಂಡೀಶ್ವರಿ ಬಾಯಿ ತೆರೆದಳು. ಇಷ್ಟು ವರ್ಷದಲ್ಲಿ ಎಷ್ಟು ಜನ ಹೆಣ್ಣಿನಪ್ಪಂದಿರಿಗೆ ಕೆಟ್ಟ ಸುದ್ದಿ ಹೇಳಿರಲಿಲ್ಲ ಅವಳು! ಈ ಕೆಂಪುಗಣ್ಣಿನ ಮುದುಕನಿಗೆ ಹೇಳುವುದು ಅವಳಿಂದಾಗಲಿಲ್ಲ.

ಅಷ್ಟರಲ್ಲಿ ಕೆರೆಯ ಕಡೆಯಿಂದ ಗುರುಸಾಮಿಯ ಕೂಗು ಬಂತು.

"ತೂಬು! ಅಯ್ಯೋ, ತೂಬು ತೆಗೆದ್ಬಿಟ್ಟಳಪ್ಪೋ!"

ಯುವಶ್ರೀ ಕಾಯಲಿಲ್ಲ!

ಚಾವಡಿಗೆ ಚಾವಡಿಯೇ ಎದ್ದಿತು. ಕೈಗೆ ಸಿಕ್ಕಿದ ಕೋಲು, ಸನಿಕೆ, ನೊಗದ ಗೂಟ ಹಿಡಿದು ಜನ ಬಾಗಿಲಿಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ರಾಜೇಂದ್ರನ್, "ಇಡೀರಿ, ಬಿಡಬೇಡ್ರಿ!" ಎನ್ನುತ್ತ.

ಪಾಂಡೀಶ್ವರಿ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು. ಪೆರಿಯಣ್ಣನ್ ದೂಡಿದರೂ ಕದಲಲಿಲ್ಲ.

"ಹೋಗಿ! ಕೋಲು ಹಿಡಿದೇ ಹೋಗಿ, ಆದರೆ ಅವಳಿಗೆ ಹೊಡೆಯೋಕಲ್ಲ, ನಾಯಿ ಕಾಯೋಕೆ!" ಎಂದು ಕಿರುಚಿದಳು. "ತೂಬು ತೆಗೆದವಳು ಯುವಶ್ರೀ. ಆ ಮೂಲೆಯ ನೀರು ವಿಷವಾಗಿದೆ. ಮೀನು ಸಾಯ್ತಿವೆ, ಮರಿ ಸಾಯ್ತಿವೆ. ಆ ನೀರು ಮರಗಳ ಹತ್ತಿರ ಹೋಗಬಾರದು ಅಂತ ಅವಳು ಆಚೆ ಬಿಡ್ತಿದಾಳೆ!"

"ವಿಷಾನಾ?" ರಾಜೇಂದ್ರನ್ ಕೋಲೆತ್ತಿದ ಕೈ ಹಾಗೇ ನಿಂತಿತು. "ಯಾವ ಚಂಡಾಳ ಆಕಿದ ವಿಷಾನ?"

ಅವಳು ಅವರ ಹತ್ತಿರ ಹೋಗಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅತ್ತಳು. ಅತ್ತುಕೊಂಡೇ ಹೇಳಿದಳು.

"ಅಂತರಗಂಗೆಗೆ ನೀವು ಹೊಡೆದ ಮದ್ದು, ಮಾವ."

ಮಾವ ಕುಸಿಯುತ್ತಾರೆಂದು ಅವಳು ಬಿಗಿಯಾಗಿ ಹಿಡಿದಿದ್ದಳು. ಅವರು ಕುಸಿಯಲಿಲ್ಲ, ಸಿಟ್ಟಾಗಲೂ ಇಲ್ಲ.

"ಆ ಮೂಲೆ ನೀರು ಮಾತ್ರನಾ ಅವಳು ಬಿಡ್ತಿರೋದು?"

"ಹೌದು ಮಾವ. ಅಲ್ಲಿಗೆ ತಾನೇ ನೀವು ಹೊಡೆದದ್ದು?"

ರಾಜೇಂದ್ರನ್ ಕೆರೆಯ ನಡುವಿನ ಮರಗಳ ಕಡೆ ತಿರುಗಿದರು. ಕೋಲು ಕೈಯಿಂದ ಜಾರಿ ಬಿತ್ತು.

"ನೀರು ಇಳಿದ ಮೇಲೆ ಮರದ ಬುಡದಾಗೆ ಗಿಡ ಅಸಿಂಗವಾಗಿ, ಒಲಸಾಗಿ ಕಾಣ್ತಿತ್ತು ಪಾಂಡೀ. ನಾಳೆ ಜನ ಬರ್ತಾರಲ್ಲ ಅಂತ ಇವತ್ತು ಒತ್ತಾರೆ ತೆಪ್ಪದಾಗೆ ಓಗಿ, ಗೂಡಿನ ಮರಗಳ ಸುತ್ತಾನೂ ಅದೇ ಮದ್ದು ಒಡೆದು ಬಂದೆನಲ್ಲೇ!"